ಚಂಡಮಾರಿಯೂ ಜೇಡರ ರಾಣಿಯೂ

ದೇವತೆಗಳಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬ ವಿಂಗಡಣೆಯನ್ನು ಯಾರು ಮಾಡುತ್ತಾರೆ, ಯಾವ ಆಧಾರದ ಮೇಲೆ ಮಾಡುತ್ತಾರೆ ಎಂಬುದು ಸಾಮಾನ್ಯವಾಗಿ ವಿದ್ವಾಂಸರ ಗೋಷ್ಠಿಗಳಿಗೆ ಮೀಸಲಾದ ಪ್ರಶ್ನೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆ ಡೊಂಬಿವಿಲಿ, ಮುಲುಂಡ್, ಬೊರಿವಿಲಿಗಳ ನಮ್ಮ ಮನೆಗಳಿಗೂ ಬಂದಿದೆ. ಅದೂ ಮಕ್ಕಳ ಕೈ ಹಿಡಿದು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಅಮೆರಿಕದ ಆಟವೊಂದನ್ನು ನಮ್ಮ ಕಾಲೇಜು ಹುಡುಗ ಹುಡುಗಿಯರು ಆಡುತ್ತಾರೆ. ಅದರಲ್ಲಿ ಒಬ್ಬಳು ಕೆಟ್ಟ ದೇವಿ, ಅವಳಿಗೆ ಭಕ್ತರ ಒಂದು ಕುಲವೇ ಇದೆ. ಆ ದೇವಿಯನ್ನೂ ಕನ್ನಡದ ಹಳೆಯ ಕಾವ್ಯವೊಂದರ ಚಂಡಮಾರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ನಾನು ಸಾಹಿತ್ಯದ ಪದವೀಧರನಲ್ಲ. ಓದಿದ್ದು ಬಿ.ಎಸ್ಸಿ., ಮಾಡುತ್ತಿರುವುದು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಕಡತ ನೋಡಿ, ಕಾಲಂ ತುಂಬಿ ಅಭ್ಯಾಸವಾದವನ ಕಣ್ಣಿಗೆ ಕಂಡಷ್ಟನ್ನು ಇಲ್ಲಿ ಹೇಳುತ್ತೇನೆ.

ಆಟದ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟ ಮೊದಲು ಪ್ರಕಟವಾದದ್ದು 1974ರಲ್ಲಿ. ಚದುರಂಗದಂತೆ ಇಲ್ಲಿ ಎದುರಾಳಿಯಿಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬಳು ಮಂತ್ರಗಾತಿ, ಮತ್ತೊಬ್ಬ ಕಳ್ಳ. ಇನ್ನೊಬ್ಬನು ಕಥೆ ನಡೆಸುತ್ತಾನೆ. ಕಾಡು, ಗುಹೆ, ರಾಕ್ಷಸ, ನಿಧಿ ಎಲ್ಲವೂ ಅವನ ಬಾಯಲ್ಲಿ. ಪಾತ್ರದ ಮಾತೆಲ್ಲ ಆಟಗಾರರದೇ. ಬರೆದಿಟ್ಟ ಸಂಭಾಷಣೆ ಇಲ್ಲ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಕರಾವಳಿಯವರಿಗೆ ತಟ್ಟನೆ ತಿಳಿಯುವಂತೆ ಹೇಳಬೇಕಾದರೆ ಇದು ತಾಳಮದ್ದಳೆಯ ದೂರದ ನೆಂಟ. ಭಾಗವತನಿದ್ದಾನೆ, ಅರ್ಥಧಾರಿಗಳಿದ್ದಾರೆ. ಮದ್ದಳೆಯಿಲ್ಲ, ದಾಳವಿದೆ.

ಈ ಆಟದ ಕೆಟ್ಟ ದೇವಿಯ ಹೆಸರು ಲೋಲ್ತ್. ಅವಳು ಜೇಡರ ರಾಣಿ. 1978ರಲ್ಲಿ ಗೈಗ್ಯಾಕ್ಸ್ ಬರೆದ ಕಥಾಪುಸ್ತಿಕೆಗಳಲ್ಲಿ ಆಕೆಯೂ ಆಕೆಯ ಭಕ್ತರಾದ 'ಡ್ರೌ' ಎಂಬ ಕುಲದವರೂ ಕಾಣಿಸಿಕೊಂಡರು. 1980ರಲ್ಲಿ ಆಕೆಯ ಜೇಡರಬಲೆಯಂಥ ಲೋಕಕ್ಕೇ ನುಗ್ಗಿ ಆಕೆಯೊಡನೆ ಹೋರಾಡುವ ಪುಸ್ತಿಕೆ ಬಂತು. ಡ್ರೌಗಳು ನೆಲದಡಿಯ ಕತ್ತಲೆಯಲ್ಲಿ ವಾಸಿಸುವವರು, ಕಪ್ಪು ಮೈಯವರು, ಬಿಳಿ ಕೂದಲವರು. ಅವರಲ್ಲಿ ಅರಸೊತ್ತಿಗೆ ಹೆಂಗಸರದು. ಅದರಲ್ಲೂ ಲೋಲ್ತ್‌ಳ ಪೂಜಾರಿಣಿಯರದು. ಅಧಿಕಾರಕ್ಕಾಗಿ ಮನೆತನಗಳು ಪರಸ್ಪರ ಕೊಲ್ಲುತ್ತವೆ, ದೇವಿ ಅದನ್ನು ಕಂಡು ಸಂತೋಷಪಡುತ್ತಾಳೆ. ಅವಳ ಪರೀಕ್ಷೆಯಲ್ಲಿ ಸೋತವರ ಸೊಂಟದ ಕೆಳಗಿನ ಭಾಗ ಜೇಡವಾಗಿ ಮಾರ್ಪಡುತ್ತದೆ. ಕಲ್ಪನೆ ಬಲವಾಗಿದೆ ಎಂಬುದನ್ನು ಒಪ್ಪಲೇಬೇಕು. ಆರ್. ಎ. ಸಾಲ್ವಟೋರ್ ಎಂಬ ಕಾದಂಬರಿಕಾರ 1988ರಿಂದ ಬರೆಯುತ್ತಾ ಬಂದ ಕಾದಂಬರಿಗಳಲ್ಲಿ ಈ ಕುಲದ ಒಬ್ಬ ಸಜ್ಜನ, ಡ್ರಿಜ್ಟ್, ತನ್ನವರನ್ನು ಬಿಟ್ಟು ನೆಲದ ಮೇಲಕ್ಕೆ ಓಡಿಬಂದು ನಾಯಕನಾಗುತ್ತಾನೆ.

ಇಷ್ಟೇ ಆಗಿದ್ದರೆ ಇದು ಅವರ ಕಥೆ ಎಂದು ಸುಮ್ಮನಿರಬಹುದಿತ್ತು. ಆದರೆ ಈ ಆಟಕ್ಕೆ ಒಂದು ನಮೂನೆಯಿದೆ. ಪ್ರತಿ ಪಾತ್ರಕ್ಕೂ, ಪ್ರತಿ ಪ್ರಾಣಿಗೂ, ದೇವತೆಗೂ ಒಂದು 'ನಿಲುವು' ನಮೂದಿಸಬೇಕು. ಒಂದು ಬದಿಯಲ್ಲಿ ಒಳಿತು, ನಡುವೆ, ಕೆಡುಕು; ಇನ್ನೊಂದು ಬದಿಯಲ್ಲಿ ಕಟ್ಟಳೆ, ನಡುವೆ, ಕಟ್ಟಳೆಗೇಡಿತನ. ಹೀಗೆ ಮೂರು ಮೂರಲಿ ಒಂಬತ್ತು ಮನೆಗಳು. 1980ರಲ್ಲೇ ಇದೇ ಸಂಸ್ಥೆ ಲೋಕದ ಪುರಾಣಗಳ ದೇವತೆಗಳನ್ನೆಲ್ಲ ಈ ನಮೂನೆಗೆ ಇಳಿಸಿ ಒಂದು ದಪ್ಪ ಪುಸ್ತಕ ತಂದಿತು. ಅದರಲ್ಲಿ ಭಾರತದ ಭಾಗವೂ ಇದೆ. ಇಂದ್ರ, ಅಗ್ನಿ, ವರುಣ, ಲಕ್ಷ್ಮಿ, ವಿಷ್ಣು, ಯಮ ಇವರೊಂದಿಗೆ ಕಾಳಿಯೂ ಇದ್ದಾಳೆ. ಕಾಳಿಯ ಮುಂದಿನ ಕಾಲಂನಲ್ಲಿ ಬರೆದದ್ದು: ಕಟ್ಟಳೆಗೇಡಿ ಕೆಡುಕು. ಲೋಲ್ತ್‌ಳ ಮನೆಯೂ ಅದೇ. ದೇವತೆ ಎಷ್ಟು ಏಟಿಗೆ ಸಾಯುತ್ತಾಳೆ ಎಂಬ ಅಂಕಿಯೂ ಅಲ್ಲಿದೆ.

ಆ ಹಳೆಯ ಪುಟವನ್ನು ಓದಿದ ನನ್ನ ಮಗಳು, "ಅಪ್ಪಾ, ಕಾಳಿ ಕೆಟ್ಟವಳಾ?" ಎಂದು ಕೇಳಿದಳು. ಊರಿನ ಹೆಸರೇ ಮುಂಬಾದೇವಿಯದು, ಲೋಹಾರ ಚಾಳಿನ ಪಕ್ಕದ ಪೇಟೆಯ ಹೆಸರು ಕಾಳಬಾದೇವಿಯದು. ಇಂಥ ನಗರದಲ್ಲಿ ಹುಟ್ಟಿ ಬೆಳೆದ ಹುಡುಗಿಯ ಪ್ರಶ್ನೆ ಅದು. 'ಅಲ್ಲ' ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ಕಚೇರಿಯಲ್ಲಿ ಯಾವುದೇ ನಮೂದು ಕಂಡರೂ ಅದು ಎಲ್ಲಿಂದ ಬಂತೆಂದು ಹಿಂದಿನ ಕಡತ ತೆಗೆದು ನೋಡುವುದು ನಮ್ಮ ಪದ್ಧತಿ. ಈ ನಮೂದಿಗೂ ಹಿಂದಿನ ಕಡತವೊಂದಿದೆ.

1830ರ ದಶಕದಲ್ಲಿ ಕಂಪನಿ ಸರಕಾರದ ಅಧಿಕಾರಿ ವಿಲಿಯಂ ಸ್ಲೀಮನ್ ಜಬಲ್ಪುರದ ಕಡೆ ದಾರಿಹೋಕರನ್ನು ಕತ್ತು ಹಿಸುಕಿ ಕೊಂದು ದೋಚುವ ತಂಡಗಳನ್ನು ಹಿಡಿಯುವ ಕೆಲಸ ನಡೆಸಿದ. ಇವರೇ ಠಗ್ಗರು. ಹಿಡಿದವರಲ್ಲಿ ಕೆಲವರನ್ನು ಮಾಫಿ ಸಾಕ್ಷಿಗಳನ್ನಾಗಿ ಮಾಡಿಕೊಂಡು, ಅವರ ಹೇಳಿಕೆಗಳ ಮೇಲೆ ಉಳಿದವರನ್ನು ಹಿಡಿದ. ಠಗ್ಗರು ಭವಾನಿಯ, ಕಾಳಿಯ ಭಕ್ತರು, ದೇವಿಯ ಆಜ್ಞೆಯಿಂದಲೇ ಕೊಲ್ಲುತ್ತಾರೆ ಎಂಬ ಚಿತ್ರ ಆತನ ಬರಹಗಳಿಂದ ಜಗತ್ತಿಗೆ ಹಬ್ಬಿತು. 1836ರಲ್ಲಿ ಬಂದ ಕಾನೂನಿನ ಪ್ರಕಾರ ಇಂಥ ಕೊಲೆ ಮಾಡಿದ ಎಂದು ಸಾಬೀತಾಗಬೇಕಿರಲಿಲ್ಲ. ಠಗ್ಗರ ತಂಡಕ್ಕೆ ಸೇರಿದ್ದ ಎಂದಾದರೆ ಸಾಕು, ಜೀವಾವಧಿ ಸೆರೆ. ಅವನು ಸೇರಿದ್ದು ಕಾನೂನು ಬರುವ ಮುಂಚೆಯಾದರೂ ಅಷ್ಟೆ. ಕೊಲೆಗಳು ನಡೆದದ್ದು ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಹಿಡಿದವರಲ್ಲಿ ಮುಸಲ್ಮಾನರೂ ಬಹಳ ಮಂದಿಯಿದ್ದರು. ಇದು ದೋಚುವವರ ಕಸುಬೇ ಹೊರತು ಒಂದು ಮತಪಂಥವಲ್ಲ ಎಂದು ಕಿಮ್ ವ್ಯಾಗ್ನರ್ ಮೊದಲಾದ ಈಚಿನ ಇತಿಹಾಸಕಾರರು ಆ ಕಡತಗಳನ್ನೇ ಮತ್ತೆ ಓದಿ ವಾದಿಸಿದ್ದಾರೆ. ಕಳ್ಳನೂ ಹೊರಡುವಾಗ ಮನೆದೇವರಿಗೆ ಕೈಮುಗಿಯುತ್ತಾನೆ. ಅಷ್ಟಕ್ಕೆ ದೇವರನ್ನು ಕಳ್ಳತನದ ಮುಖ್ಯ ಆರೋಪಿಯನ್ನಾಗಿ ಹೆಸರಿಸುವುದು ನ್ಯಾಯವಲ್ಲ.

ಈ ಕಡತಕ್ಕೆ ಕಥೆಯ ರೂಪ ಕೊಟ್ಟವನು ನಮ್ಮ ಕನ್ನಡನಾಡಿಗೆ ಚಿರಪರಿಚಿತನಾದ ಫಿಲಿಪ್ ಮೆಡೋಸ್ ಟೇಲರ್. 1824ರಲ್ಲಿ, ಹದಿನಾರರ ಆಸುಪಾಸಿನಲ್ಲಿ, ವ್ಯಾಪಾರಿಯೊಬ್ಬನ ಮಳಿಗೆಯಲ್ಲಿ ಕೆಲಸಕ್ಕೆಂದು ಅವನು ಬಂದಿಳಿದದ್ದು ಇದೇ ಮುಂಬಯಿಯಲ್ಲಿ. ಆಮೇಲೆ ನಿಜಾಮನ ಸೇವೆ ಸೇರಿದ. 1839ರಲ್ಲಿ ಠಗ್ಗನೊಬ್ಬ ತನ್ನ ಕಥೆ ಹೇಳಿಕೊಳ್ಳುವ ಅವನ ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾಗಿ ಭಾರೀ ಪ್ರಸಿದ್ಧಿ ಪಡೆಯಿತು. ಮುಂದೆ 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು, ಬಾಲಕ ದೊರೆ ವೆಂಕಟಪ್ಪ ನಾಯಕನಿಂದ 'ಅಪ್ಪಾ' ಎಂದು ಕರೆಸಿಕೊಂಡವನೂ ಇವನೇ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಸುರಪುರದವರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಜನರನ್ನು ಪ್ರೀತಿಯಿಂದ ಆಳಿದ ಅಧಿಕಾರಿಯ ಲೇಖನಿಯಿಂದಲೇ ಠಗ್ಗರ ದೇವಿಯೂ ಹೊರಟಳು ಎಂಬುದು ಗಮನಿಸಬೇಕಾದ ಸಂಗತಿ.

ಅಲ್ಲಿಂದ ಹಾದಿ ನೇರ. 1939ರ 'ಗಂಗಾ ದಿನ್' ಚಿತ್ರದಲ್ಲಿ ಕಾಳಿಯ ಭಕ್ತರಾದ ಠಗ್ಗರು ಶತ್ರುಗಳು. 1984ರ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಚಿತ್ರದಲ್ಲಿ ಮತ್ತೆ ಅವರೇ. ಚಿತ್ರಕಥೆಯನ್ನು ಭಾರತ ಸರಕಾರ ಒಪ್ಪದ್ದರಿಂದ ಸ್ಟೀವನ್ ಸ್ಪಿಲ್‌ಬರ್ಗ್ ತಂಡ ಶ್ರೀಲಂಕಾದಲ್ಲಿ ಚಿತ್ರೀಕರಣ ನಡೆಸಿತು. ಅದರಲ್ಲಿ ಮನುಷ್ಯನ ಎದೆಯಿಂದ ಹೃದಯ ಕೀಳುವ ಪೂಜಾರಿ ಮೋಲಾರಾಮನ ಪಾತ್ರ ವಹಿಸಿದವರು ಅಮರೀಶ್ ಪುರಿ. ಮುಂಬಯಿಯಲ್ಲಿ ನೌಕರರ ರಾಜ್ಯ ವಿಮಾ ನಿಗಮದಲ್ಲಿ ಎಷ್ಟೋ ವರ್ಷ ದುಡಿದು, ಸಂಜೆ ನಾಟಕ ಆಡಿ ಬೆಳೆದ ಕಲಾವಿದ ಅವರು. ಕಚೇರಿ ಮುಗಿಸಿ ತಾಲೀಮಿಗೆ ಓಡುವ ನಮ್ಮ ಎಷ್ಟೋ ಕನ್ನಡ ಹವ್ಯಾಸಿ ನಟರ ಹಾಗೆ. 1973ರಲ್ಲಿ ಗಿರೀಶ ಕಾರ್ನಾಡರ 'ಕಾಡು' ಚಿತ್ರದಲ್ಲಿ ಅವರನ್ನು ನಾವು ಕನ್ನಡದಲ್ಲೇ ನೋಡಿದ್ದೇವೆ. 'ಕಾಡು' ಚಿತ್ರದಲ್ಲಿ ಕ್ರೌರ್ಯಕ್ಕೆ ಊರಿದೆ, ಹಗೆತನದ ಕಾರಣವಿದೆ, ನೋಡುವ ಒಬ್ಬ ಹುಡುಗನ ಕಣ್ಣಿದೆ. ಮೋಲಾರಾಮನಿಗೆ ಇದಾವುದೂ ಇಲ್ಲ. ಅವನ ಬಳಿ ಇರುವುದು ದೇವಿಯ ಹೆಸರೊಂದೇ.

ಇಷ್ಟು ಓದಿದ ಮೇಲೆ, 'ನೋಡಿ, ಪಾಶ್ಚಾತ್ಯರು ನಮ್ಮ ದೇವಿಗೆ ಹೀಗೆ ಮಸಿ ಬಳಿದರು' ಎಂದು ಕೋಪಗೊಂಡು ಲೇಖನ ಮುಗಿಸುವುದು ಸುಲಭ. ಆದರೆ ಅದು ಅರ್ಧ ಸತ್ಯ. ನಮ್ಮ ಮಾರಿಯೂ ಉಗ್ರೆಯೇ. ಮುಂಬಯಿಯ ಬೀದಿಗಳಲ್ಲಿ ಕಡಕ್‌ಲಕ್ಷ್ಮಿಯನ್ನು ನೋಡದವರು ಯಾರು? ಹೆಂಗಸಿನ ತಲೆಯ ಮೇಲೆ ಮರೀಆಯಿಯ ಪೆಟ್ಟಿಗೆ, ಗಂಡಸಿನ ಕೈಯಲ್ಲಿ ಚಾಟಿ. ಉದ್ದ ಕೂದಲು, ಹಣೆ ತುಂಬ ಕುಂಕುಮ, ಕಾಲಿಗೆ ಗೆಜ್ಜೆ. ತನ್ನ ಬರಿ ಮೈಗೆ ತಾನೇ ಹೊಡೆದುಕೊಳ್ಳುವ ಆ ಪೋತರಾಜನನ್ನು ಕಂಡು ಸಣ್ಣ ಮಕ್ಕಳು ಬಾಗಿಲ ಹಿಂದೆ ಅಡಗುತ್ತಾರೆ. ನಮ್ಮ ಉತ್ತರ ಕರ್ನಾಟಕದ ದುರಗಮುರಗಿಯವರೂ ಇವರ ಬಂಧುಗಳೇ. ದೇವಿಯ ಭಕ್ತರು ಎಂದರೆ ಇವರು. ಹೊಟ್ಟೆಪಾಡಿಗೆ ಊರೂರು ಅಲೆಯುವವರು, ಚಾಟಿಯ ಏಟನ್ನು ಪರರ ಮೇಲಲ್ಲ, ತಮ್ಮ ಮೈಮೇಲೆ ಹಾಕಿಕೊಳ್ಳುವವರು.

ಮಾರಿ ಯಾಕೆ ಉಗ್ರೆ? ಕಾಲರಾ, ಸಿಡುಬುಗಳಿಗೆ ಅವಳ ಹೆಸರಿತ್ತು. ಔಷಧ ಇಲ್ಲದ ಕಾಲದಲ್ಲಿ ರೋಗಕ್ಕೆ ತಾಯಿಯ ಹೆಸರಿಟ್ಟು, 'ತಣ್ಣಗಾಗಮ್ಮಾ' ಎಂದು ಬೇಡಿಕೊಂಡರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ವಿಜ್ಞಾನ ಓದಿದ ನನಗೆ ಇದು ಹೆಮ್ಮೆಯ ವಿಷಯ. ಆದರೆ ರೋಗ ಹೋಯಿತೆಂದು ಭಕ್ತರು ಅಮ್ಮನನ್ನು ಹೊರಹಾಕಲಿಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಇಂದಿಗೂ ನಡೆಯುತ್ತದೆ. ಒಂದು ಕಾಲದಲ್ಲಿ ಅಲ್ಲಿ ಕೋಣನ ಬಲಿ ಇತ್ತು. 1934ರಲ್ಲಿ ಶಿರಸಿಗೆ ಬಂದ ಗಾಂಧೀಜಿ ಬಲಿಯ ಕಾರಣಕ್ಕೆ ಆ ದೇವಸ್ಥಾನಕ್ಕೆ ಹೋಗಲೊಪ್ಪಲಿಲ್ಲ. ಊರಿನಲ್ಲಿ ಚಳವಳಿ ನಡೆದು ಬಲಿ ನಿಂತಿತು. 1959ರಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾನೂನೂ ನಮ್ಮ ರಾಜ್ಯದಲ್ಲಿ ಬಂತು. ದೇವಿ ಇದ್ದಾಳೆ, ಬಲಿ ಹೋಯಿತು. ಅವಳು ಬದಲಾಗಬಲ್ಲಳು ಎಂದು ಜನರು ನಂಬಿದರು.

ಈ ನಂಬಿಕೆಯನ್ನು ಎಂಟು ನೂರು ವರ್ಷ ಹಿಂದೆಯೇ ಕಾವ್ಯವಾಗಿಸಿದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿಚಕ್ರವರ್ತಿ 'ಯಶೋಧರ ಚರಿತೆ'ಯನ್ನು ಮುಗಿಸಿದ್ದು 1209ರಲ್ಲಿ. ವಾದಿರಾಜನ ಸಂಸ್ಕೃತ ಕೃತಿಯನ್ನು ಆಧರಿಸಿದ, ಬಹುಪಾಲು ಕಂದಪದ್ಯಗಳ, ನಾಲ್ಕೇ ಅವತಾರಗಳ ಚಿಕ್ಕ ಕಾವ್ಯವಿದು. ಕಥೆ ಬಲ್ಲವರು ಮತ್ತೊಮ್ಮೆ ಕೇಳಬೇಕು. ರಾಜಪುರದ ದೊರೆ ಮಾರಿದತ್ತ. ಅಲ್ಲಿಯ ದೇವಿ ಚಂಡಮಾರಿ. ಬಲಿ ಸಲ್ಲದಿದ್ದರೆ ಊರಿಗೆ ಕೇಡು. ವಸಂತದ ಜಾತ್ರೆಗೆ ಸಕಲ ಪ್ರಾಣಿಗಳ ಜೋಡಿಗಳನ್ನು ಕೂಡಿಹಾಕಿದ್ದಾರೆ. ನರಬಲಿಗೆಂದು ರಾಜನ ತಳಾರ ಹಿಡಿದು ತಂದದ್ದು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣ ತಂಗಿಯರನ್ನು. ಇಬ್ಬರೂ ಸುದತ್ತಾಚಾರ್ಯರ ಶಿಷ್ಯರು, ಭಿಕ್ಷೆಗೆ ಹೊರಟವರು. ಸಾವಿನ ಮುಂದೆ ನಿಲ್ಲಿಸಿ ರಾಜನನ್ನು ಹರಸಿರಿ ಎಂದರೆ, ಹುಡುಗ ಹೆದರದೆ, ಶುದ್ಧ ಧರ್ಮದಿಂದ ನಾಡನ್ನು ಕಾಪಾಡು ಎಂಬ ಅರ್ಥದ ಮಾತಾಡುತ್ತಾನೆ. ರಾಜ ಕತ್ತಿ ತಗ್ಗಿಸಿ, ನೀವು ಯಾರು ಎಂದು ಕೇಳುತ್ತಾನೆ. ಇಡೀ ಕಾವ್ಯ ಆ ಪ್ರಶ್ನೆಗೆ ಉತ್ತರ.

ಹುಡುಗ ಹೇಳುವ ಪೂರ್ವಜನ್ಮದ ಕಥೆಯಲ್ಲಿ ಅವನು ಉಜ್ಜಯಿನಿಯ ರಾಜ ಯಶೋಧರ. ರಾಣಿ ಅಮೃತಮತಿ ಮಾವುತನ ಹಾಡಿಗೆ ಮರುಳಾಗಿ, ಅವನ ವಿಕಾರ ರೂಪವನ್ನೂ ಲೆಕ್ಕಿಸದೆ ಅವನನ್ನು ಕೂಡುತ್ತಾಳೆ. ಕಣ್ಣಾರೆ ಕಂಡ ರಾಜ ಅದನ್ನು ಕೆಟ್ಟ ಕನಸೆಂದು ತಾಯಿಗೆ ಹೇಳಿದಾಗ, ಆಕೆ ಶಾಂತಿಗೆ ಬಲಿ ಕೊಡು ಎನ್ನುತ್ತಾಳೆ. ಜೀವ ಕೊಲ್ಲಲಾರೆ ಎಂದ ಮಗನಿಗೆ ಹಿಟ್ಟಿನ ಕೋಳಿಯ ಉಪಾಯ ಸೂಚಿಸುತ್ತಾಳೆ. ಅವನು ಕತ್ತಿಯೆತ್ತಿ ಹೊಡೆದಾಗ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಆಮೇಲೆ ರಾಣಿಯ ವಿಷಕ್ಕೆ ತಾಯಿ ಮಗ ಇಬ್ಬರೂ ಬಲಿಯಾಗಿ, ನವಿಲು, ನಾಯಿ, ಹಾವು, ಮೀನು, ಆಡು, ಕೋಳಿ ಎಂದು ಜನ್ಮ ಜನ್ಮ ಅಲೆಯುತ್ತಾರೆ. ತಂದೆಯ ಶ್ರಾದ್ಧಕ್ಕೆಂದು ಮಗ ಅಡುಗೆ ಮಾಡಿಸಿದ ಪ್ರಾಣಿಯೇ ಆ ತಂದೆ. ಕೊನೆಗೆ ಆ ಮಗನ ಹೆಂಡತಿಯ ಬಸಿರಲ್ಲೇ ಅವಳಿಗಳಾಗಿ ಹುಟ್ಟುತ್ತಾರೆ.

ಇಲ್ಲಿ ವಿಮರ್ಶೆಯ ಪ್ರಶ್ನೆಯೊಂದಿದೆ. ಇದು ಕೆಟ್ಟ ದೇವಿಯ ಕಥೆಯಾಗಿದ್ದರೆ ಕವಿ ಚಂಡಮಾರಿಯನ್ನು ಗುಡಿಯಲ್ಲೇ ಬಿಟ್ಟು ಉಜ್ಜಯಿನಿಯ ಅರಮನೆಗೆ ಹೋದದ್ದೇಕೆ? ಯಶೋಧರ ಕಥೆಯಲ್ಲಿ ಕೆಟ್ಟವನಲ್ಲ. ಮೃದು ಮನಸ್ಸಿನವನು, ಕೊಲೆಗೆ ಅಂಜುವವನು, ತಾಯಿಯ ಮಾತು ಮೀರಲಾರದವನು, ನಮ್ಮ ನಿಮ್ಮಂಥವನು. ಆಟದ ನಮೂನೆಯಲ್ಲಿ ಅವನ ಹೆಸರು ಒಳಿತಿನ ಕಾಲಂನಲ್ಲಿ ಬರುತ್ತಿತ್ತು. ಜನ್ನ ಹಿಂಸೆಯ ಬೇರನ್ನು ಹುಡುಕುವುದು ಅವನಲ್ಲೇ. ಕತ್ತಿಗೆ ಸಿಕ್ಕಿದ್ದು ಹಿಟ್ಟು, ಆದರೆ ಕತ್ತಿಯೆತ್ತಿದ ಮನಸ್ಸಿನಲ್ಲಿ ಕೊಲೆ ನಡೆದುಹೋಗಿತ್ತು. ಜೈನರು ಸಂಕಲ್ಪ ಹಿಂಸೆ ಎನ್ನುವುದು ಇದನ್ನೇ. ಆ ಕೂಗನ್ನು ಕೇಳಿಸಿದ ಮೇಲೆ ಓದುಗನು ದೇವಿಯ ಕಡೆಗೆ ಬೊಟ್ಟು ಮಾಡಿ ತಾನು ಪಾರಾಗುವ ದಾರಿಯನ್ನು ಕವಿ ಉಳಿಸುವುದಿಲ್ಲ.

ಆಟದ ಹಳೆಯ ನಿಯಮಗಳಲ್ಲಿ ದಾರಿ ಅಗಲವಾಗಿದೆ. ಎದುರಿನವನು ಕೆಡುಕಿನ ಕಾಲಂನವನೆಂದರೆ ಅವನನ್ನು ಕೊಂದರೆ ಅಂಕ, ಅವನ ನಿಧಿಯನ್ನು ತಂದರೆ ಇನ್ನೂ ಹೆಚ್ಚು ಅಂಕ. ಡ್ರೌ ಆಗಿ ಹುಟ್ಟಿದ್ದೇ ಅಪರಾಧಕ್ಕೆ ಸಾಕು. 1836ರ ಕಾನೂನಿಗೂ ಇದಕ್ಕೂ ಇರುವ ಹೋಲಿಕೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾನೂನಿನ ಜಾಡಿನಲ್ಲೇ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನು ಬಂದು, ಹುಟ್ಟಿನಿಂದಲೇ ಕಳ್ಳರೆಂದು ಎಷ್ಟೋ ಅಲೆಮಾರಿ ಜನರ ಹೆಸರುಗಳು ರಿಜಿಸ್ಟರಿಗೆ ಏರಿದವು. ಆ ಪಟ್ಟಿಯಿಂದ ಅವರು ಬಿಡುಗಡೆಯಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ. ಜನ್ನನ ಕಾವ್ಯದಲ್ಲಿ ಈ ಪಟ್ಟಿಗೆ ಅವಕಾಶವೇ ಇಲ್ಲ. ಇಂದು ಕೊಲ್ಲುವವನು ನಾಳೆ ಆಡಾಗಿ ನಿಲ್ಲುತ್ತಾನೆ. ಯಾವ ಜನ್ಮದವನನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ವಿಜ್ಞಾನದ ವಿದ್ಯಾರ್ಥಿಗೆ ವಿಶೇಷವಾಗಿ ರುಚಿಸುವ ಭಾಗವೊಂದು ನಾಲ್ಕನೆಯ ಅವತಾರದಲ್ಲಿದೆ. ಯಶೋಮತಿಯ ತಳಾರ ಚಂಡಕರ್ಮ ಮುನಿಯೊಡನೆ ವಾದಕ್ಕಿಳಿಯುತ್ತಾನೆ. ಕಳ್ಳನನ್ನು ಸೀಳಿ ನೋಡಿದೆ, ಆತ್ಮ ಸಿಗಲಿಲ್ಲ. ಪೆಟ್ಟಿಗೆಯಲ್ಲಿ ಮುಚ್ಚಿ ಕೊಂದೆ, ಹೊರಟ ಗುರುತಿಲ್ಲ. ತೂಗಿ ನೋಡಿದೆ, ತೂಕ ಕಡಿಮೆಯಾಗಲಿಲ್ಲ ಎನ್ನುತ್ತಾನೆ. ಮುಚ್ಚಿದ ಪೆಟ್ಟಿಗೆಯೊಳಗಿನ ಶಂಖದ ದನಿ ಹೊರಗೆ ಕೇಳುವುದಿಲ್ಲವೇ, ಗಾಳಿ ತುಂಬಿದ ತಿತ್ತಿಯೂ ಬರಿದಾದ ತಿತ್ತಿಯೂ ಒಂದೇ ತೂಗುವುದಿಲ್ಲವೇ ಎಂದು ಮುನಿಯ ಉತ್ತರ. ಬಯಲ ಗಾಳಿಯಲ್ಲಿ ಸಡಿಲವಾಗಿ ತುಂಬಿದ ತಿತ್ತಿಯನ್ನು ತೂಗಿದರೆ ಆರ್ಕಿಮಿಡೀಸನ ತತ್ತ್ವದಂತೆ ತಕ್ಕಡಿ ವ್ಯತ್ಯಾಸ ತೋರಿಸುವುದಿಲ್ಲ. ಮುನಿಯ ಮಾತು ಅಷ್ಟರಮಟ್ಟಿಗೆ ಸರಿ. ಆತ್ಮದ ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ನನ್ನನ್ನು ತಡೆದು ನಿಲ್ಲಿಸುವುದು ಚಂಡಕರ್ಮನ ಪ್ರಯೋಗದಲ್ಲಿ ಸತ್ತ ಕಳ್ಳರು. ತನ್ನ ಅಳತೆಗೋಲು ಸರಿಯೇ ಎಂದು ಕೇಳುವ ಮೊದಲೇ ಅವನು ಮನುಷ್ಯರನ್ನು ಸೀಳಿದ. ಕಾಳಿ ಎಷ್ಟು ಏಟಿಗೆ ಸಾಯುತ್ತಾಳೆಂದು ಅಂಕಿ ಬರೆದ ಪುಸ್ತಕವನ್ನು ಕಂಡಾಗ ನನಗೆ ನೆನಪಾದದ್ದು ಈ ತಳಾರ.

ಕಾವ್ಯದ ಕೊನೆ ಇನ್ನೂ ಮುಖ್ಯ. ಕಥೆ ಕೇಳಿದ ಮಾರಿದತ್ತ ರಾಜ್ಯ ಬಿಟ್ಟು ದೀಕ್ಷೆ ಹಿಡಿಯುತ್ತಾನೆ. ಅಷ್ಟೇ ಅಲ್ಲ, ಚಂಡಮಾರಿಯೇ ಪ್ರತ್ಯಕ್ಷಳಾಗಿ, ಇನ್ನು ನನಗೆ ಜೀವಬಲಿ ಬೇಡ, ಗಂಧ ಹೂವು ಧೂಪ ದೀಪಗಳಿಂದ ಪೂಜಿಸಿರಿ ಎಂದು ಜನರಿಗೆ ಸಾರುತ್ತಾಳೆ. ಅವಳನ್ನು ಯಾರೂ ಕೊಲ್ಲುವುದಿಲ್ಲ, ಊರಿಂದ ಓಡಿಸುವುದಿಲ್ಲ. ಅವಳಿಗೂ ಕಿವಿಯಿದೆ, ಕಥೆ ಅವಳಿಗೂ ತಾಗಿತು. ಲೋಲ್ತ್‌ಳ ಲೋಕದಲ್ಲಿ ಇದಕ್ಕೆ ಎಡೆಯಿರಲಿಲ್ಲ. ಅಲ್ಲಿ ಸಜ್ಜನನಾದ ಡ್ರಿಜ್ಟ್ ಮಾಡಬಹುದಾದದ್ದು ಒಂದೇ, ಊರು ಬಿಟ್ಟು ಹೋಗುವುದು. ದೇವಿ ಅದೇ ದೇವಿ, ಭಕ್ತರು ಅದೇ ಭಕ್ತರು.

ಜನ್ನನನ್ನು ಹೊಗಳುವ ಭರದಲ್ಲಿ ಒಂದು ಮಾತು ಮರೆಯಬಾರದು. ಅವನು ಜೈನಕವಿ; ಮಾರಿಯ ಗುಡಿಯ ಭಯಾನಕ ಚಿತ್ರವನ್ನು ಬರೆದದ್ದು ಹೊರಗೆ ನಿಂತು. ಆ ಗುಡಿಗೆ ಹರಕೆ ಹೊತ್ತು ಬಂದ ಹೆಂಗಸಿನ ಮಗುವಿಗೆ ಏನು ಬೇನೆಯಿತ್ತು ಎಂಬುದು ಕಾವ್ಯದಲ್ಲಿಲ್ಲ. ಭಕ್ತರಿಗೆ ಅಲ್ಲಿ ಮಾತಿಲ್ಲ. ದೇವಿಯೂ ಬಾಯಿ ತೆರೆಯುವುದು ಜಿನಧರ್ಮವನ್ನು ಒಪ್ಪಿದ ಮೇಲೆಯೇ. ಅಮೃತಮತಿಯ ಮನಸ್ಸಿನೊಳಕ್ಕೆ ಇಣುಕಿದಷ್ಟು ಧೈರ್ಯದಿಂದ ಕವಿ ಮಾರಿಯ ಭಕ್ತನ ಮನಸ್ಸಿನೊಳಕ್ಕೆ ಇಣುಕಲಿಲ್ಲ. ಇದು ಕಾವ್ಯದ ಮಿತಿ ಎಂದೇ ನನ್ನ ಅಭಿಪ್ರಾಯ. ಗಿರೀಶ ಕಾರ್ನಾಡರು ಇದೇ ಕಥೆಯನ್ನು 'ಹಿಟ್ಟಿನ ಹುಂಜ' ಎಂಬ ನಾಟಕವಾಗಿಸಿದಾಗ ದೇವಿಯನ್ನು ರಂಗದ ಮೇಲೆ ತರಲೇ ಇಲ್ಲ. ಅಲ್ಲಿರುವುದು ರಾಜ, ಜೈನ ಮನೆತನದ ರಾಣಿ, ಬಲಿಯನ್ನು ನಂಬುವ ರಾಜಮಾತೆ, ಮಾವುತ. ಆ ನಾಟಕ ಬಂದದ್ದು ಕೂಡ 1980ರಲ್ಲಿ. ಅಮೆರಿಕದಲ್ಲಿ ದೇವತೆಗಳನ್ನು ಒಂಬತ್ತು ಮನೆಗಳಲ್ಲಿ ತುಂಬುತ್ತಿದ್ದ ವರ್ಷವೇ ಕನ್ನಡದಲ್ಲಿ ಒಬ್ಬ ನಾಟಕಕಾರ ದೇವಿಯನ್ನು ಪಕ್ಕಕ್ಕಿಟ್ಟು, ಅತ್ತೆ ಸೊಸೆ ಗಂಡ ಹೆಂಡತಿಯರ ನಡುವೆ ಹಿಂಸೆ ಹೇಗೆ ಹುಟ್ಟುತ್ತದೆಂದು ಕೇಳುತ್ತಿದ್ದರು.

ಆಟದ ಪರವಾಗಿಯೂ ಹೇಳಬೇಕಾದದ್ದಿದೆ. ಅದು ನಿಂತ ನೀರಲ್ಲ. ಹುಟ್ಟಿನಿಂದಲೇ ಒಂದು ಕುಲವನ್ನು ಕೆಟ್ಟದ್ದೆನ್ನುವುದು ತಪ್ಪೆಂದು ಆಟದ ಒಡೆತನದ ಸಂಸ್ಥೆ 2020ರಲ್ಲಿ ಒಪ್ಪಿಕೊಂಡು, ಪುಸ್ತಕಗಳನ್ನು ತಿದ್ದಲು ತೊಡಗಿತು. 2021ರ ಕಾದಂಬರಿಯೊಂದರಲ್ಲಿ ಸಾಲ್ವಟೋರ್ ಲೋಲ್ತ್‌ಳನ್ನು ಪೂಜಿಸದ ಬೇರೆ ಡ್ರೌ ನಾಡೊಂದನ್ನು ತಂದ. 2024ರ ನಿಯಮಪುಸ್ತಕದ ಹೊತ್ತಿಗೆ 'ಜನಾಂಗ' ಎಂಬ ಪದವನ್ನೇ ಕೈಬಿಟ್ಟರು. ಇನ್ನೂ ದೊಡ್ಡ ಮಾತೆಂದರೆ, ಮೇಜಿನ ಸುತ್ತ ಕೂತ ಮಕ್ಕಳಿಗೆ ಬಾಯಿದೆ. ಪೂಜಾರಿಣಿಯನ್ನು ಕಂಡೊಡನೆ ಕತ್ತಿ ಹಿರಿಯದೆ, ನೀನು ಯಾರು ಎಂದು ಕೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಮಾರಿದತ್ತ ಕೇಳಿದ್ದೂ ಅದೇ ಪ್ರಶ್ನೆ.

ಈ ಕೇಳುವ ಕಲೆ ನಮ್ಮಲ್ಲಿ ಬಹಳ ಹಳೆಯದು. 'ಶ್ರೀದೇವಿ ಮಹಾತ್ಮೆ' ಯಕ್ಷಗಾನದಲ್ಲಿ ಪ್ರೇಕ್ಷಕರ ನಡುವಿನಿಂದ ದೀವಟಿಗೆಯ ಬೆಳಕಿನಲ್ಲಿ ಅಬ್ಬರಿಸುತ್ತ ಬರುವ ಮಹಿಷಾಸುರನನ್ನು ನೋಡಲು ನಮ್ಮ ಜನ ರಾತ್ರಿಯಿಡೀ ಕಾಯುತ್ತಾರೆ. ಕಟೀಲು ಮೇಳಕ್ಕೆ ಈ ಪ್ರಸಂಗದ ಹರಕೆ ಹೇಳಿಕೊಂಡು ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ಮನೆಗಳು ಮುಂಬಯಿಯಲ್ಲೂ ಇವೆ. ದೇವಿ ಗೆಲ್ಲುತ್ತಾಳೆಂದು ಎಲ್ಲರಿಗೂ ಗೊತ್ತು. ಆದರೂ ತಾಳಮದ್ದಳೆಯಲ್ಲಿ ಶುಂಭನ ಅರ್ಥ ಹೇಳುವವನು ತನ್ನ ಪಕ್ಷವನ್ನು ಪೂರ್ತಿ ಬಲದಿಂದ ಮಂಡಿಸದಿದ್ದರೆ ಅದನ್ನು ಸಪ್ಪೆ ಕೂಟ ಎನ್ನುತ್ತಾರೆ. ಅಸುರನಿಗೂ ಒಂದು ಮಾತಿದೆ, ಅದನ್ನು ಕೇಳಿಯೇ ತೀರ್ಮಾನ ಎಂಬುದು ಅಲ್ಲಿಯ ಶಿಸ್ತು.

ಇದನ್ನೆಲ್ಲ ಒಂದು ಮಕ್ಕಳ ಆಟಕ್ಕಾಗಿ ಇಷ್ಟು ಎಳೆದು ಹೇಳಬೇಕೇ ಎಂದು ಕೆಲವರು ಕೇಳಬಹುದು. ನಾವು ಹೊರನಾಡಿನವರು, ಆದ್ದರಿಂದ ಹೇಳಬೇಕು. 1960ರ ದಶಕದ ಉತ್ತರಾರ್ಧದಲ್ಲಿ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ಕನ್ನಡಿಗ, ತಮಿಳ, ಮಲಯಾಳಿ, ತುಳುವ ಎಂಬ ಭೇದವಿಲ್ಲದೆ ಎಲ್ಲರೂ 'ಮದ್ರಾಸಿ' ಎಂಬ ಒಂದೇ ಕಾಲಂನಲ್ಲಿ ಸೇರಿದರು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಆ ದಿನಗಳ ಸಂಗತಿಯನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ. ನೆರೆಯ ಮರಾಠಿ ಕುಟುಂಬವೇ ಬಾಗಿಲು ತೆರೆದು ಒಳಗೆ ಕರೆದದ್ದನ್ನೂ ಕೇಳಿದ್ದೇವೆ. ಹೆಸರು ಕೇಳಿ ಕಾಲಂ ತುಂಬುವವರೂ, ಬಾಗಿಲು ತೆರೆದು ಒಳಗೆ ಕರೆಯುವವರೂ ಒಂದೇ ಬೀದಿಯಲ್ಲಿದ್ದರು. ನಮ್ಮ ಮಕ್ಕಳು ಈ ಇಬ್ಬರಲ್ಲಿ ಯಾರಂತೆ ಆಗುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಆಟವನ್ನು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳಲಾರೆ. ಹೇಳಿದರೆ ಮಕ್ಕಳು ಕೇಳುವುದೂ ಇಲ್ಲ. ಬದಲಿಗೆ ನಮ್ಮ ಸಂಘದವರಲ್ಲಿ ಒಂದು ಸೂಚನೆ. ಬರುವ ಮಳೆಗಾಲದಲ್ಲಿ, ಮೇಳಗಳು ತಿರುಗಾಟ ಮುಗಿಸಿ ಬಿಡುವಾಗಿರುವಾಗ, ಒಂದು ಭಾನುವಾರ 'ಯಶೋಧರ ಚರಿತೆ'ಯ ವಾಚನ ವ್ಯಾಖ್ಯಾನ ಇಡೋಣ. ಗದ್ಯಾನುವಾದವೂ ಜೊತೆಗಿರಲಿ, ಹಳಗನ್ನಡಕ್ಕೆ ಹೆದರಬೇಕಾಗಿಲ್ಲ. ಈ ಆಟ ಆಡುವ ಹುಡುಗರನ್ನು ಕರೆದು, ಅಭಯರುಚಿಯ ಕಥೆಯನ್ನು ಅವರ ಮೇಜಿನ ಮೇಲಿಟ್ಟು, ಮಾರಿದತ್ತನ ಪಾತ್ರವನ್ನು ಒಬ್ಬರಿಗೆ, ಚಂಡಮಾರಿಯ ಪಾತ್ರವನ್ನು ಇನ್ನೊಬ್ಬರಿಗೆ, ಜನ್ನ ಮಾತು ಕೊಡದ ಆ ಹರಕೆಯ ಹೆಂಗಸಿನ ಪಾತ್ರವನ್ನು ಮತ್ತೊಬ್ಬರಿಗೆ ಕೊಡೋಣ. ಅವರು ಏನು ಹೇಳುತ್ತಾರೋ ಕೇಳುವ ಕುತೂಹಲ ನನಗಂತೂ ಇದೆ. ಮಗಳು ಚಂಡಮಾರಿಯ ಪಾತ್ರ ತನಗೇ ಬೇಕೆಂದು ಈಗಾಗಲೇ ಹೇಳಿದ್ದಾಳೆ.